ಮನೆಯಲ್ಲೇ ಒಡವೆ ತೊಳೆಯಬಹುದಾ? ತೊಳೆಯಬಹುದು, ಎಲ್ಲವನ್ನೂ ಅಲ್ಲ

ನಿಮ್ಮ ಪ್ರಶ್ನೆ ಇಷ್ಟು: ಅಮ್ಮನಿಂದ ಬಂದ ಚಿನ್ನದ ಸರ, ವಜ್ರದ ಓಲೆ, ಪಚ್ಚೆ ಉಂಗುರ, ಒಂದೆಳೆ ಮುತ್ತಿನ ಹಾರ, ಎರಡು ಬೆಳ್ಳಿ ಬಳೆ ನಿಮ್ಮ ಹತ್ತಿರ ಇವೆ. ಎಲ್ಲ ಮಂಕಾಗಿವೆ. ಟೂತ್‌ಪೇಸ್ಟ್ ಹಾಕಿ ಉಜ್ಜಿ ಅಂತ ಯಾರೋ ಹೇಳಿದ್ದಾರೆ. ನೀರನ್ನು ನಡುಗಿಸಿ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಮೆಷಿನ್ ತಗೊಳ್ಳಿ ಅಂತ ಇನ್ಯಾರೋ ಹೇಳಿದ್ದಾರೆ. ಯಾವುದು ಸರಿ ಅಂತ ಕೇಳಿದ್ದೀರಿ.

ಎರಡೂ ಬೇಡ. ನಾನು ಒಡವೆ ರಿಪೇರಿ ಮಾಡುವವನು. ಕೊಳೆ ಕೂತು ಕೆಟ್ಟುಹೋದ ಒಡವೆ ಅಂತ ನನ್ನ ಮೇಜಿಗೆ ಬಂದದ್ದು ನೆನಪಿಲ್ಲ. ಕೊಳೆ ತೆಗೆಯಲು ಹೋಗಿ ಕೆಟ್ಟವು ಮಾತ್ರ ಬೇಕಾದಷ್ಟು ಬಂದಿವೆ. ಆದ್ದರಿಂದ ನೀರಿಗೆ ಹಾಕುವ ಮುಂಚೆ ನಿಮ್ಮ ಒಡವೆಗಳನ್ನು ಎರಡು ಗುಂಪು ಮಾಡಿ. ಚಿನ್ನದ ಸರ, ವಜ್ರದ ಓಲೆ ಒಂದು ಕಡೆ. ಪಚ್ಚೆ, ಮುತ್ತು ಇನ್ನೊಂದು ಕಡೆ. ಬೆಳ್ಳಿಯ ದಾರಿ ಬೇರೆ, ಅದನ್ನು ಆಮೇಲೆ ಹೇಳ್ತೀನಿ.

ಟೂತ್‌ಪೇಸ್ಟ್ ಯಾಕೆ ಬೇಡ ಅಂದರೆ, ಹಲ್ಲಿನ ಕೊಳೆ ಕೆರೆಯಲು ಅದರಲ್ಲಿ ಸಿಲಿಕಾದಂಥ ನುಣ್ಣನೆಯ ಪುಡಿ ಹಾಕಿರುತ್ತಾರೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜ ತಜ್ಞ ಗಡಸುತನ ಅಳೆಯಲು 1ರಿಂದ 10ರ ಒಂದು ಪಟ್ಟಿ ಮಾಡಿದ. ಯಾವುದು ಯಾವುದರ ಮೇಲೆ ಗೀರು ಹಾಕುತ್ತದೆ ಎನ್ನುವುದೇ ಅದರ ಲೆಕ್ಕ. ಅದರಲ್ಲಿ ನಮ್ಮ ಹಲ್ಲಿನ ಹೊರಪದರ ಸುಮಾರು 5. ಚಿನ್ನ, ಬೆಳ್ಳಿ ಎರಡೂ 3ರ ಒಳಗೆ. 5 ಇರುವುದನ್ನು ಉಜ್ಜಲು ಮಾಡಿದ ಪುಡಿಯನ್ನು 3 ಇರುವುದರ ಮೇಲೆ ತಿಕ್ಕಿದರೆ ಏನಾಗುತ್ತದೆ ಹೇಳಿ. ಉಜ್ಜಿದ ದಿನ ಹೊಳೆಯುತ್ತದೆ, ನಿಜ. ಆದರೆ ಭೂತಗನ್ನಡಿ ಹಿಡಿದು ನೋಡಿದರೆ ಮೈಯೆಲ್ಲ ಕೂದಲೆಳೆಯಂಥ ಗೀರು. ಆ ಗೀರುಗಳಲ್ಲಿ ಮತ್ತೆ ಕೊಳೆ ಕೂರುತ್ತದೆ, ನೀವು ಮತ್ತೆ ಉಜ್ಜುತ್ತೀರಿ. ಹೂವಿನ ಕೆತ್ತನೆಯ ಒಂದು ಬಳೆ ಹಾಗೇ ವರ್ಷಗಟ್ಟಲೆ ಉಜ್ಜಿಸಿಕೊಂಡು ನನ್ನ ಹತ್ತಿರ ಬಂದಿತ್ತು. ಎಸಳೆಲ್ಲ ಸವೆದು ಬರೀ ಉಬ್ಬು ಉಳಿದಿತ್ತು.

ಈಗ ಓಲೆ. ವಜ್ರ ಆ ಪಟ್ಟಿಯಲ್ಲಿ 10, ಅದಕ್ಕೆ ಗೀರು ಬೀಳುವ ಭಯ ಕಡಿಮೆ. ಅದರ ಕಷ್ಟ ಬೇರೆ. ವಜ್ರಕ್ಕೆ ಜಿಡ್ಡು ಕಂಡರೆ ಪ್ರಾಣ. ನೀರು ಅದರ ಮೇಲೆ ನಿಲ್ಲದೆ ಜಾರುತ್ತದೆ, ಎಣ್ಣೆ ಅಂಟಿ ಕೂರುತ್ತದೆ. 1890ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿ ಗಣಿಗಳಲ್ಲಿ ಈ ಗುಣವನ್ನೇ ಹಿಡಿದು ವಜ್ರ ಹೆಕ್ಕುವ ಉಪಾಯ ಕಂಡುಕೊಂಡರು. ಗ್ರೀಸ್ ಬಳಿದ ಮೇಜಿನ ಮೇಲೆ ಪುಡಿಗಲ್ಲನ್ನು ನೀರಿನ ಜೊತೆ ಹರಿಸುವುದು. ಬೇರೆ ಕಲ್ಲೆಲ್ಲ ಹರಿದು ಹೋಗುತ್ತಿತ್ತು, ವಜ್ರ ಮಾತ್ರ ಗ್ರೀಸಿಗೆ ಅಂಟಿ ನಿಲ್ಲುತ್ತಿತ್ತು. ನಿಮ್ಮ ಓಲೆಯಲ್ಲಿ ಆಗುತ್ತಿರುವುದೂ ಅದೇ. ಕೂದಲಿನ ಎಣ್ಣೆ, ಮುಖದ ಕ್ರೀಮು, ಸೋಪಿನ ಪದರ ಎಲ್ಲ ಕಲ್ಲಿನ ಹಿಂಬದಿಗೆ ಹೋಗಿ ಕೂತಿರುತ್ತವೆ. ಮುಂದಿನಿಂದ ಒಳಗೆ ಹೋದ ಬೆಳಕು ಹಿಂದಿನ ಮುಖಗಳಿಗೆ ಬಡಿದು ವಾಪಸ್ ಬಂದರೇ ವಜ್ರ ಹೊಳೆಯುವುದು. ಹಿಂದೆ ಜಿಡ್ಡಿದ್ದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಅದಕ್ಕೇ ಎಲ್ಲರೂ ಮುಂದಿನ ಮುಖ ಉಜ್ಜಿ ಉಜ್ಜಿ, ಯಾಕೋ ಹೊಳೀತಿಲ್ಲ ಅಂತಾರೆ.

ನಾನು ತೊಳೆಯುವುದು ಹೀಗೆ. ಒಂದು ಅಗಲದ ಬಟ್ಟಲಿನ ತಳಕ್ಕೆ ಮೆತ್ತನೆಯ ಬಟ್ಟೆ ಹಾಸುತ್ತೇನೆ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಓಲೆಯ ತಿರುಪು ಬಿಚ್ಚಿ ಎರಡನ್ನೂ ಅದರಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡುತ್ತೇನೆ. ಆತುರ ಬೇಡ, ಅರ್ಧ ಕೆಲಸ ನೆನೆಸುವುದರಲ್ಲೇ ಮುಗಿಯುತ್ತದೆ. ಆಮೇಲೆ ಚಿಕ್ಕ ಮಕ್ಕಳ ಮೆತ್ತನೆ ಬ್ರಷ್ಷಿನಿಂದ ಹಿಂಬದಿ. ಓಲೆಯನ್ನು ತಲೆಕೆಳಗು ಹಿಡಿದು, ಕಲ್ಲಿನ ಕೆಳಗಿರುವ ತೂತಿನೊಳಗೆ ಬ್ರಷ್ಷಿನ ತುದಿ ಇಳಿಸಿ ಸುಮ್ನೆ ಕುಟ್ಟಿದಂತೆ ಆಡಿಸಿ. ತಿಕ್ಕಬೇಡಿ. ಬೂದು ಬಣ್ಣದ ಹಿಟ್ಟಿನಂಥದ್ದು ಮೆಲ್ಲಗೆ ಹೊರಗೆ ಬರುತ್ತದೆ. ಮೊದಲ ಸಲ ನೋಡುವವರಿಗೆ, ಇಷ್ಟು ದಿನ ಇದನ್ನು ಕಿವಿಗೆ ಹಾಕ್ಕೊಂಡಿದ್ದೆನಾ ಅನಿಸುತ್ತದೆ. ತಿರುಪಿನ ಮರೆಗಳಲ್ಲೂ ಅದೇ ಇರುತ್ತದೆ, ಅದನ್ನೂ ತೊಳೆಯಿರಿ. ಅಲ್ಲಿನ ಕೊಳೆ ಕಿವಿಯ ತೂತಿಗೂ ಒಳ್ಳೆಯದಲ್ಲ.

ಕೊನೆಗೆ ಇನ್ನೊಂದು ಬಟ್ಟಲಿನ ಸಾದಾ ನೀರಿನಲ್ಲಿ ಅದ್ದಿ ತೆಗೆಯಿರಿ. ನಲ್ಲಿ ಕೆಳಗೆ ಮಾತ್ರ ಹಿಡಿಯಬೇಡಿ. ಸಡಿಲ ಕಲ್ಲು ಕಳಚಿಕೊಂಡರೆ ಬಟ್ಟಲಲ್ಲಾದರೆ ಸಿಗುತ್ತದೆ, ಸಿಂಕಿನಲ್ಲಾದರೆ ಹೋಯಿತು. ಬಟ್ಟಲಿನ ನೀರು ಚೆಲ್ಲುವಾಗಲೂ ಟೀ ಸೋಸುವ ಜಾಲರಿ ಇಟ್ಟು ಚೆಲ್ಲಿ. ಒರೆಸಲು ಹಳೆಯ ಹತ್ತಿ ಬಟ್ಟೆ ಸಾಕು. ಸ್ನಾನದ ಟವೆಲ್ ಬೇಡ, ಅದರ ಎಳೆ ಕಲ್ಲು ಹಿಡಿದಿರುವ ಪುಟ್ಟ ಕಾಲುಗಳಿಗೆ ಸಿಕ್ಕಿಕೊಂಡು ಅವನ್ನು ಎತ್ತಿಬಿಡುತ್ತದೆ.

ಒಂದು ಎಚ್ಚರಿಕೆ. ಓಲೆಯನ್ನು ತಿರುಗಿಸಿ ನೋಡಿದಾಗ ಕಲ್ಲಿನ ಹಿಂಭಾಗ ಕಾಣದೆ ಪೂರ್ತಿ ಮುಚ್ಚಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಅಂಥವುಗಳಲ್ಲಿ ಕಲ್ಲಿನ ಕೆಳಗೆ ಹೊಳೆಯುವ ತೆಳು ಹಾಳೆ ಇಟ್ಟಿರಬಹುದು, ಒಳಗೆ ಅರಗು ತುಂಬಿರಬಹುದು. ನೀರು ಒಳಗೆ ಹೋದರೆ ಹಾಳೆ ಕಪ್ಪಾಗುತ್ತದೆ, ಕಲ್ಲು ಕುರುಡಾಗುತ್ತದೆ. ಅದಕ್ಕೆ ಒಣ ಬಟ್ಟೆಯೊಂದೇ.

ಚಿನ್ನದ ಸರಕ್ಕೂ ಇದೇ ಸೋಪಿನ ನೀರು. ಹಳೆಯ ಸರ ಅಂದಿದ್ದೀರಿ, ಬಹುಶಃ 22 ಕ್ಯಾರೆಟ್ ಇರಬೇಕು, ಅಂದರೆ ನೂರಕ್ಕೆ 91.6 ಭಾಗ ಚಿನ್ನ. ಅಷ್ಟು ಚಿನ್ನವಿದ್ದರೆ ಅದು ಸುಲಭಕ್ಕೆ ಕಪ್ಪಾಗುವುದಿಲ್ಲ. ನೀವು ನೋಡುತ್ತಿರುವ ಮಂಕು ಬರೀ ಬೆವರು, ಧೂಳು, ಜಿಡ್ಡು. ಸರಕ್ಕೆ ನಿಜವಾದ ಶತ್ರು ಸವೆತ. ಕೊಂಡಿಗೊಂದು ಕೊಂಡಿ ಉಜ್ಜಿ ಉಜ್ಜಿ ತೆಳ್ಳಗಾಗುತ್ತವೆ, ನಡುವೆ ಕೂತ ಧೂಳು ಅರದಂತೆ ಕೆಲಸ ಮಾಡುತ್ತದೆ. ತೊಳೆದ ಮೇಲೆ ಕೊಕ್ಕೆ ಸಿಕ್ಕಿಸುವ ಕೊನೆಯ ಕೊಂಡಿಯನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ದಪ್ಪ, ಒಂದು ಕಡೆ ದಾರದಷ್ಟು ತೆಳು ಇದ್ದರೆ ಈಗಲೇ ಬದಲಿಸಿ. ಸರ ಕಳೆದುಹೋಗುವುದು ಹೆಚ್ಚಾಗಿ ಅಲ್ಲಿಂದಲೇ.

ಈಗ ಪಚ್ಚೆ. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದರೆ ಇದರಲ್ಲಿ ತಪ್ಪು ಮಾಡಿದವನು ನಾನೇ. ಕೆಲಸ ಕಲಿಯುತ್ತಿದ್ದ ಕಾಲ. ನಮ್ಮ ಚಿಕ್ಕಮ್ಮನ ಉಂಗುರ, ಒಂದೇ ಪಚ್ಚೆ, ಎಲೆ ಹಸಿರು. ಚೆನ್ನಾಗಿ ತೊಳೆದುಕೊಡ್ತೀನಿ ಅಂತ ಜಂಬದಿಂದ ತಂದು, ಬಿಸಿನೀರು ತುಂಬಿದ ಅಲ್ಟ್ರಾಸಾನಿಕ್ ಮೆಷಿನ್‌ಗೆ ಹಾಕಿದೆ. ಐದು ನಿಮಿಷ ಬಿಟ್ಟು ತೆಗೆದಾಗ ಕಲ್ಲಿನೊಳಗೆ ಬೆಳ್ಳಗಿನ ಜೇಡರ ಬಲೆ. ಕಲ್ಲು ಒಡೆಯಿತು ಅಂದುಕೊಂಡೆ, ಕೈ ಕಾಲು ತಣ್ಣಗಾಯಿತು. ನಮ್ಮ ಯಜಮಾನರು ನೋಡಿ ಹೇಳಿದ್ದು ಒಂದೇ ಮಾತು: "ಒಡೆದಿಲ್ಲ ಕಣೋ, ಎಣ್ಣೆ ಕುಡಿದುಬಿಟ್ಟಿದೆ ನಿನ್ನ ಮೆಷಿನ್ನು."

ವಿಷಯ ಏನೆಂದರೆ, ಪಚ್ಚೆ ಹುಟ್ಟುವಾಗಲೇ ಒಳಗೆ ಬಿರುಕು ಇಟ್ಟುಕೊಂಡು ಹುಟ್ಟುವ ಕಲ್ಲು. ಮಾರುಕಟ್ಟೆಗೆ ಬರುವ ಮುಂಚೆ ಆ ಬಿರುಕುಗಳಿಗೆ ಸೀಡರ್ ಮರದ ಎಣ್ಣೆಯನ್ನೋ ರಾಳವನ್ನೋ ತುಂಬುವುದು ಬಹಳ ಹಳೆಯ ರೂಢಿ. ಅದರಲ್ಲಿ ಮೋಸ ಏನಿಲ್ಲ, ಹೇಳಿ ಮಾರಿದರೆ. ಎಣ್ಣೆಯೊಳಗೂ ಪಚ್ಚೆಯೊಳಗೂ ಬೆಳಕು ಹೆಚ್ಚುಕಡಿಮೆ ಒಂದೇ ರೀತಿ ಬಾಗುವುದರಿಂದ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಬಿಸಿನೀರು, ಸ್ಪಿರಿಟ್, ಮೆಷಿನ್ನಿನ ಕಂಪನ ಇವು ಎಣ್ಣೆಯನ್ನು ಹೊರಗೆಳೆಯುತ್ತವೆ. ಅಲ್ಲಿ ಗಾಳಿ ತುಂಬಿದ ಕೂಡಲೇ ಬಿರುಕು ಬೆಳ್ಳಗೆ ಎದ್ದು ಕಾಣುತ್ತದೆ. ಚಿಕ್ಕಮ್ಮನ ಕಲ್ಲಿಗೆ ಮತ್ತೆ ಎಣ್ಣೆ ತುಂಬಿಸಿದೆವು, ಮುಕ್ಕಾಲು ಪಾಲು ಸರಿಹೋಯಿತು. ಆದರೆ ಮೂಲೆಯಲ್ಲಿ ಒಂದು ಬಿಳಿ ಎಳೆ ಇವತ್ತಿಗೂ ಇದೆ. ಪ್ರತಿ ಸಲ ಮನೆಗೆ ಹೋದಾಗ ಅವರು ಆ ಕೈಯಲ್ಲೇ ತಟ್ಟೆ ಮುಂದಿಡುತ್ತಾರೆ, ಬೇಕಂತಲೇ ಅಂತ ನನಗೆ ಅನುಮಾನ.

ಆದ್ದರಿಂದ ನಿಮ್ಮ ಪಚ್ಚೆ ಉಂಗುರಕ್ಕೆ ನೆನೆಸುವುದು ಬೇಡ. ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒತ್ತಿ ತೆಗೆದರೆ ಮುಗಿಯಿತು. ಮೆಷಿನ್ ಬಗ್ಗೆ ನಾನು ಬೇಡ ಅಂದದ್ದೂ ಇದಕ್ಕೇ. ಗಟ್ಟಿಯಾಗಿ ಕೂತ ವಜ್ರ, ಬರೀ ಚಿನ್ನ ಇವಕ್ಕೆ ಅದು ಒಳ್ಳೆಯದೇ. ಆದರೆ ಮನೆಗೆ ಬಂದ ಮೇಲೆ ಎಲ್ಲವೂ ಒಂದಲ್ಲ ಒಂದು ದಿನ ಅದರೊಳಗೆ ಹೋಗುತ್ತದೆ. ಪಚ್ಚೆ, ಮುತ್ತು, ಹವಳ, ಓಪಲ್, ಟರ್ಕಾಯ್ಸ್ ಯಾವುದನ್ನೂ ಅದು ಉಳಿಸುವುದಿಲ್ಲ. ಸಡಿಲ ಕಲ್ಲಿದ್ದರೆ ನಡುಗಿಸಿ ಬೀಳಿಸಿಬಿಡುತ್ತದೆ.

ಮುತ್ತು ಕಲ್ಲೇ ಅಲ್ಲ. ಚಿಪ್ಪಿನ ಜೀವಿ ಪದರ ಪದರವಾಗಿ ಸುತ್ತಿದ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಹುಳಿ ತಾಗಿದರೆ ಕರಗುತ್ತದೆ. ನಿಂಬೆ, ವಿನೆಗರ್ ಬಿಡಿ, ಬೆವರಿನ ಸಣ್ಣ ಹುಳಿಯೂ ವರ್ಷಗಳಲ್ಲಿ ಅದರ ಮೆರುಗು ತಿನ್ನುತ್ತದೆ. ಸೆಂಟು, ಹೇರ್ ಸ್ಪ್ರೇ ಎಲ್ಲ ಹಾಕಿ ಒಣಗಿದ ಮೇಲೆ ಕೊನೆಗೆ ಮುತ್ತು ಹಾಕಿಕೊಳ್ಳಿ, ಬಂದ ಮೇಲೆ ಮೊದಲು ಅದನ್ನೇ ತೆಗೆಯಿರಿ. ತೆಗೆದ ಕೂಡಲೇ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒಂದೊಂದೇ ಮುತ್ತು ಒರೆಸಿ. ಹಾರವನ್ನು ನೀರಲ್ಲಿ ಮುಳುಗಿಸಬೇಡಿ. ಮುತ್ತಿಗಿಂತ ಜಾಸ್ತಿ ಪೆಟ್ಟು ಬೀಳುವುದು ಒಳಗಿನ ರೇಷ್ಮೆ ದಾರಕ್ಕೆ. ಒದ್ದೆಯಾಗಿ ಹಿಗ್ಗುತ್ತದೆ, ಕೊಳೆ ಹಿಡಿಯುತ್ತದೆ, ಒಳಗೊಳಗೇ ಕೊಳೆಯುತ್ತದೆ. ಹಾರವನ್ನು ಎತ್ತಿ ಹಿಡಿದಾಗ ಮುತ್ತಿಗೂ ಗಂಟಿಗೂ ನಡುವೆ ದಾರ ಕಂಡರೆ ಮತ್ತೆ ಪೋಣಿಸುವ ಹೊತ್ತು ಬಂತು ಅಂತಲೇ. ಅಮ್ಮನ ಕಾಲದ ದಾರವೇ ಇದ್ದರೆ ಅದನ್ನೂ ನೋಡಬೇಕಿಲ್ಲ, ಬದಲಿಸಿಬಿಡಿ.

ಬೆಳ್ಳಿ ಬಳೆ ಕಪ್ಪಾಗಿರುವುದು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗಿರುತ್ತದೆ. ಉಜ್ಜಿದರೆ ಕಪ್ಪಿನ ಜೊತೆ ಅದರಲ್ಲಿ ಸೇರಿಕೊಂಡ ಬೆಳ್ಳಿಯೂ ಹೋಗುತ್ತದೆ. ಅದರ ಬದಲು ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಳೆ ಫಾಯಿಲ್‌ಗೆ ತಾಗುವಂತೆ ಇಟ್ಟು, ಎರಡು ಚಮಚ ಅಡುಗೆ ಸೋಡ ಉದುರಿಸಿ, ಮುಳುಗುವಷ್ಟು ಬಿಸಿನೀರು ಹಾಕಿ. ಗಂಧಕ ಬೆಳ್ಳಿಯನ್ನು ಬಿಟ್ಟುಬಿಡುತ್ತದೆ, ಬೆಳ್ಳಿ ಬಳೆಯಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಕೆಲಸ ನಡೀತಿದೆ ಅಂತ. ಕಲ್ಲು ಕೂರಿಸಿದ ಬೆಳ್ಳಿಗೆ, ಗೆರೆಗಳಲ್ಲಿ ಬೇಕಂತಲೇ ಕಪ್ಪು ಬಿಟ್ಟ ಹಳೆಯ ಕೆತ್ತನೆಗೆ ಮಾತ್ರ ಇದನ್ನು ಮಾಡಬೇಡಿ. ಆ ಕಪ್ಪೂ ಹೋಗಿ ಕೆತ್ತನೆ ಬೋಳಾಗುತ್ತದೆ.

ಇಡುವ ವಿಷಯಕ್ಕೆ ಬಂದರೆ, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಸುರಿಯುವುದೇ ದೊಡ್ಡ ತಪ್ಪು. ವಜ್ರ ಪಕ್ಕದಲ್ಲಿರುವ ಎಲ್ಲದರ ಮೇಲೂ ಗೀರು ಹಾಕುತ್ತದೆ, ಇನ್ನೊಂದು ವಜ್ರವನ್ನೂ ಬಿಡುವುದಿಲ್ಲ. ಒಂದೊಂದಕ್ಕೂ ಬೇರೆ ಚೀಲ. ಬೆಳ್ಳಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಗಾಳಿ ಹಿಂಡಿ ಮುಚ್ಚಿದ್ದು, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ರಬ್ಬರ್ ಬ್ಯಾಂಡ್ ಹತ್ತಿರಕ್ಕೂ ಬೇಡ, ಅದರಲ್ಲಿ ಗಂಧಕ ಇದೆ. ಮುತ್ತಿಗೆ ಇದರ ಉಲ್ಟಾ: ಬಟ್ಟೆಯ ಚೀಲ, ಸ್ವಲ್ಪ ಗಾಳಿ. ಮುತ್ತಿನೊಳಗೆ ಒಂಚೂರು ನೀರಿನ ಅಂಶ ಇರುತ್ತದೆ, ವರ್ಷಗಟ್ಟಲೆ ಒಣ ಜಾಗದಲ್ಲಿ ಮುಚ್ಚಿಟ್ಟರೆ ಸಣ್ಣ ಬಿರುಕು ಬಿಡಬಹುದು. ಹಾರವನ್ನು ಮೊಳೆಗೆ ತೂಗುಹಾಕದೆ ಮಲಗಿಸಿಡಿ. ಸರವನ್ನು ಕೊಕ್ಕೆ ಹಾಕಿ ಇಟ್ಟರೆ ಸಿಕ್ಕಾಗುವುದು ಕಡಿಮೆ. ಈಗಾಗಲೇ ಗಂಟಾಗಿದ್ದರೆ ಗಾಜಿನ ಮೇಲೆ ಇಟ್ಟು, ಗಂಟಿಗೆ ಒಂದು ಹನಿ ಅಡುಗೆ ಎಣ್ಣೆ ಬಿಟ್ಟು, ಎರಡು ಸೂಜಿಯಿಂದ ನಡುವೆ ಬಿಡಿಸಿ. ಎಳೆದರೆ ಗಂಟು ಬಿಗಿಯುತ್ತದೆ ಅಷ್ಟೇ.

ಪ್ರಶ್ನೆಯಲ್ಲಿ ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಬ್ಲೀಚ್ ಹಾಕಿ ನೆಲ ತೊಳೆಯುವಾಗ, ಈಜುಕೊಳಕ್ಕೆ ಇಳಿಯುವಾಗ ಉಂಗುರ ತೆಗೆದಿಡಿ. ಕ್ಲೋರಿನ್ ಚಿನ್ನದ ಜೊತೆ ಬೆರೆಸಿದ ಬೇರೆ ಲೋಹಗಳನ್ನು ತಿನ್ನುತ್ತದೆ. 18, 14 ಕ್ಯಾರೆಟ್ ಒಡವೆಗಳಿಗೆ, ಅದರಲ್ಲೂ ನಿಕ್ಕಲ್ ಬೆರೆತ ಬಿಳಿ ಚಿನ್ನಕ್ಕೆ ಇದು ಜಾಸ್ತಿ. ಕಲ್ಲು ಹಿಡಿದ ಕಾಲು ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಬಿಳಿ ಚಿನ್ನ ಹಳದಿ ತಿರುಗಿದರೆ ಅದು ಕೊಳೆಯಲ್ಲ, ಮೇಲೆ ಹಾಕಿದ ರೋಡಿಯಂ ಎಂಬ ಬಿಳಿ ಲೋಹದ ಲೇಪ ಸವೆದಿದೆ ಅಂತ. ಮನೆಯಲ್ಲಿ ಎಷ್ಟು ತೊಳೆದರೂ ಬಿಳಿಯಾಗುವುದಿಲ್ಲ, ಮತ್ತೆ ಲೇಪ ಹಾಕಿಸಬೇಕು.

ದಿನಾ ಹಾಕುವ ಓಲೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆದರೆ ಸಾಕು. ತೊಳೆದು ಒಣಗಿದ ಮೇಲೆ ಕಿವಿಯ ಹತ್ತಿರ ಹಿಡಿದು ಬೆರಳಿಂದ ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಅಂತ ಸಣ್ಣ ಸದ್ದು ಬಂದರೆ ಕಲ್ಲು ಅಲ್ಲಾಡುತ್ತಿದೆ. ಸದ್ದಿಲ್ಲದಿದ್ದರೆ ಚೂರು ಹತ್ತಿಯನ್ನು ಕಲ್ಲಿನ ಮೇಲೆ ಸವರಿ ನೋಡಿ, ಎಳೆ ಸಿಕ್ಕಿಕೊಂಡ ಕಡೆ ಕಾಲು ಎದ್ದಿದೆ. ಕೆಲವು ಸಲ ಹೀಗೂ ಆಗುತ್ತದೆ: ಇಷ್ಟು ದಿನ ಕೊಳೆಯೇ ಕಲ್ಲನ್ನು ಹಿಡಿದುಕೊಂಡಿರುತ್ತದೆ, ತೊಳೆದ ಮೇಲೆ ಅಲ್ಲಾಡಲು ಶುರುವಾಗುತ್ತದೆ. ಹಾಗಾದರೆ ತೊಳೆದು ಹಾಳುಮಾಡಿದೆ ಅಂದುಕೊಳ್ಳಬೇಡಿ. ಓಲೆಯನ್ನು ಮತ್ತೆ ಕಿವಿಗೆ ಹಾಕದೆ, ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ನೇರ ರಿಪೇರಿಗೆ ಕೊಡಿ.