ಗಂಡನಿಗೆ ಜೀವಾವಧಿ ಶಿಕ್ಷೆಯಾಗಿದೆ. ಮಕ್ಕಳಿಗೆ ‘ಅಪ್ಪ ದುಬೈಗೆ ಹೋಗಿದ್ದಾರೆ’ ಅಂದಿದ್ದೇನೆ. ಸರಿನಾ?

ನಿಮ್ಮದು ದುಬೈ, ನಮ್ಮದು ಗೋವಾ. ಅಷ್ಟೇ ವ್ಯತ್ಯಾಸ.

1999ರಲ್ಲಿ ನಾನು ಮೂರನೇ ಇಯತ್ತೆ. ಬೈಲಹೊಂಗಲ ಕಡೆಯ ಒಂದು ಹಳ್ಳಿ. ಜಗಳ ಆಗಿದ್ದು ಹೊಲದ ಬದುವಿಗೆ. ಬದು ಅಂದರೆ ಎಷ್ಟು, ಒಂದೂವರೆ ಅಡಿ ಮಣ್ಣು. ಅಪ್ಪನ ಚಿಕ್ಕಪ್ಪನ ಮಗ ಪ್ರತಿ ವರ್ಷ ಗಳೆ ಹೊಡೆಯುವಾಗ ಅದನ್ನು ಚೂರುಚೂರೇ ಕೆರೆದುಕೊಳ್ಳುತ್ತಿದ್ದ ಅನ್ನೋದು ನಮ್ಮ ಮನೆಯ ಮಾತು. ನಮ್ಮಪ್ಪನೇ ಕೆರೆಯುತ್ತಿದ್ದ ಅನ್ನೋದು ಅವರ ಮನೆಯ ಮಾತು. ಒಂದು ಸಂಜೆ ಅಪ್ಪನ ಕೈಯಲ್ಲಿ ಸಲಿಕೆ ಇತ್ತು. ಆ ಮನುಷ್ಯ ಸತ್ತ. ಅವನಿಗೂ ಇಬ್ಬರು ಮಕ್ಕಳು, ನನ್ನ ಜೊತೆಗೇ ಸಾಲಿಗೆ ಬರುತ್ತಿದ್ದರು. ನಮ್ಮ ಕಥೆ ಕೇಳಿ ಜನ ‘ಅಯ್ಯೋ ಪಾಪ’ ಅಂತಾರೆ, ಅದಕ್ಕೇ ಇದನ್ನು ಮೊದಲೇ ಹೇಳಿದೆ. ಆ ‘ಅಯ್ಯೋ ಪಾಪ’ದಲ್ಲಿ ದೊಡ್ಡ ಪಾಲು ಸತ್ತವನ ಮನೆಯವರಿಗೆ ಸಲ್ಲಬೇಕು.

ನಾನು ಆ ದಿನ ಕಿತ್ತೂರಿನಲ್ಲಿ, ಅಜ್ಜನ ಮನೆಯಲ್ಲಿದ್ದೆ. ತಿಂಗಳ ನಂತರ ಬಂದರೆ ಅಪ್ಪ ಇಲ್ಲ. ‘ಗೋವಾಕ್ಕ ದುಡಿಯಾಕ ಹೋಗ್ಯಾನ’ ಅಂದಳು ಅವ್ವ. ನಮ್ಮ ಕಡೆಯಿಂದ ಗೋವಾಕ್ಕೆ ಹೋಗೋರು ಬೇಕಾದಷ್ಟು ಜನ, ನಾನು ನಂಬಿದೆ. ಒಂದು ದಿನ ಸಾಲಿಯಲ್ಲಿ ಒಬ್ಬ ಕೇಳಿದ, ‘ನಿಮ್ಮಪ್ಪ ಮಾವನ ಮನಿಗೆ ಹೋಗ್ಯಾನಂತಲ್ಲೋ?’ ನಾನು ಗಂಭೀರವಾಗಿ, ‘ಇಲ್ಲ, ಅಪ್ಪನ ಮಾವನ ಮನಿ ಕಿತ್ತೂರು, ನಾ ಅಲ್ಲಿಂದನ ಬಂದೀನಿ, ಅಲ್ಲಿ ಅಪ್ಪ ಇಲ್ಲ’ ಅಂದೆ. ಇಡೀ ಸಾಲಿ ನಕ್ಕಿತು. ಕಡೆಗೆ ಅರ್ಥ ಬಿಡಿಸಿ ಹೇಳಿದ್ದು ಯಾರು ಗೊತ್ತಾ? ಸತ್ತವನ ದೊಡ್ಡ ಮಗ. ಅವನೊಬ್ಬ ನಕ್ಕಿರಲಿಲ್ಲ.

ಹಾಗಾಗಿ ‘ಹದಿನೆಂಟು ತುಂಬಿದ ಮೇಲೆ ಹೇಳ್ತೀನಿ’ ಅನ್ನೋ ನಿಮ್ಮ ಲೆಕ್ಕವನ್ನು ಬಿಟ್ಟುಬಿಡಿ. ಹತ್ತು ವರ್ಷದ ಮಗನಿಗೆ ಈಗಾಗಲೇ ಗೊತ್ತಿದೆ. ಆರು ವರ್ಷದವಳಿಗೆ ಅವನೇ ಹೇಳಿರುತ್ತಾನೆ. ನಿಮಗೆ ಬೇಜಾರಾಗುತ್ತೆ ಅಂತ ಇಬ್ಬರೂ ನಿಮ್ಮ ಮುಂದೆ ದುಬೈ ಅಂತಿದ್ದಾರೆ, ಅಷ್ಟೇ. ನಾನೂ ಹೀಗೇ ಮಾಡಿದೆ. ಗೊತ್ತಾದ ಮೇಲೂ ಅವ್ವನ ಮುಂದೆ ಎರಡು ವರ್ಷ ‘ಗೋವಾದಿಂದ ಅಪ್ಪ ಯಾವಾಗ ಬರ್ತಾನ’ ಅಂತ ಕೇಳುತ್ತಿದ್ದೆ. ಕೇಳದಿದ್ದರೆ ಅವಳಿಗೆ ಸಂಶಯ ಬರುತ್ತಲ್ಲ.

2001ರಲ್ಲಿ ತೀರ್ಪು ಬಂತು, ಜೀವಾವಧಿ. ಆಮೇಲೆ ಅವ್ವ ನನ್ನನ್ನೂ ಅಕ್ಕನನ್ನೂ ಹಿಂಡಲಗಾ ಜೈಲಿಗೆ ಕರೆದುಕೊಂಡು ಹೋಗತೊಡಗಿದಳು. ಬೆಳಗಾವಿಗೆ ಒಂದು ಬಸ್ಸು, ಅಲ್ಲಿಂದ ಸಿಟಿ ಬಸ್ಸು. ಮೊದಲ ಸಲ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆವು. ಮನೆ ಅಡುಗೆ ಒಳಗೆ ಬಿಡಲ್ಲ ಅಂದರು. ಹೊರಗೆ ಮರದ ಕೆಳಗೆ ಕೂತು ನಾವೇ ತಿಂದೆವು, ಅವ್ವ ತಿನ್ನಲಿಲ್ಲ. ಒಳಗೆ ಜಾಳಿಗೆಯ ಈ ಕಡೆ ಹತ್ತು ಸಂಸಾರ, ಆ ಕಡೆ ಹತ್ತು ಜನ, ಎಲ್ಲರೂ ಕೂಗಿ ಮಾತಾಡುತ್ತಿದ್ದರು. ಅಪ್ಪ ಬೆರಳುಗಳನ್ನು ಜಾಳಿಗೆಯ ತೂತಿನೊಳಗೆ ತೂರಿಸಿದ. ಉಗುರಿನ ತನಕ ಮಾತ್ರ ಬಂತು. ನಾನು ಆ ಉಗುರು ಮುಟ್ಟಿದೆ. ‘ಎಷ್ಟನೇ ಇಯತ್ತೆ?’ ಅಂತ ಕೂಗಿ ಕೇಳಿದ. ‘ಐದು’ ಅಂದೆ. ‘ಹೊಲದಾಗ ಏನ್ ಹಾಕೀರಿ?’ ಅಂತ ಅವ್ವನನ್ನು ಕೇಳಿದ. ಹೊಲ ಎಲ್ಲಿತ್ತು? ಎರಡು ಎಕರೆ ವಕೀಲರಿಗೆ ಹೋಗಿತ್ತು. ಅವ್ವ ‘ಜೋಳ’ ಅಂದಳು.

ಜೈಲಿನ ವಾತಾವರಣ ಮಕ್ಕಳಿಗೆ ಒಳ್ಳೇದಲ್ಲ ಅಂತ ನಿಮ್ಮ ಅತ್ತೆ ಹೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ನಿಜ, ಒಳ್ಳೇದಲ್ಲ. ಆದರೆ ಅಲ್ಲಿಗೆ ಹೋಗುವ ಮುಂಚೆ ನನ್ನ ಕನಸಿನಲ್ಲಿ ಅಪ್ಪನಿಗೆ ಸರಪಳಿ ಇರುತ್ತಿತ್ತು, ಕತ್ತಲ ಕೋಣೆ ಇರುತ್ತಿತ್ತು. ನೋಡಿ ಬಂದ ಮೇಲೆ ಬಿಳಿ ಬಟ್ಟೆ ಹಾಕಿಕೊಂಡ, ಸ್ವಲ್ಪ ಸೊರಗಿದ, ಇಯತ್ತೆ ಕೇಳುವ ಅಪ್ಪ ಅಷ್ಟೇ ಇದ್ದ. ಕರೆದುಕೊಂಡು ಹೋಗಿ. ಈಗ ಇ-ಮುಲಾಕಾತ್ ಅಂತ ಇದೆ, ಭೇಟಿಯನ್ನು ಮೊದಲೇ ಬುಕ್ ಮಾಡಬಹುದು, ವಿಡಿಯೋದಲ್ಲೂ ಮಾತಾಡಬಹುದು. ಆದರೆ ವಿಡಿಯೋ ಒಂದನ್ನೇ ನೆಚ್ಚಿಕೊಳ್ಳಬೇಡಿ.

ಇನ್ನು ‘ಹೇಗೋ 14 ವರ್ಷ ಕಳೆದರೆ ಬರ್ತಾರೆ’ ಅಂದಿದ್ದೀರಲ್ಲ, ಆ ಮಾತು. ನಮ್ಮಜ್ಜಿಯದು ಇನ್ನೂ ಚೆನ್ನಾಗಿತ್ತು. ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಅಂತ ಎಣಿಸುತ್ತಾರೆ, 14 ಅಂದರೆ ಏಳೇ ವರ್ಷ ಅಂತ ಯಾರೋ ಅವಳ ತಲೆಗೆ ತುಂಬಿದ್ದರು. 2006ರಲ್ಲಿ ಮಗ ಬರ್ತಾನೆ ಅಂತ ಮನೆಗೆ ಸುಣ್ಣ ಹೊಡೆಸಿದಳು. ನಾವು ಯಾರೂ ತಿದ್ದಲಿಲ್ಲ. ಹಗಲು ರಾತ್ರಿಯ ಲೆಕ್ಕ ಬರೀ ಸುಳ್ಳು. ಜೀವಾವಧಿ ಅಂದರೆ ಜೀವ ಇರೋ ತನಕ. ಸುಪ್ರೀಂ ಕೋರ್ಟ್ ಇದನ್ನು 1961ರಲ್ಲೇ, ಗಾಂಧಿ ಹತ್ಯೆಯಲ್ಲಿ ಜೀವಾವಧಿ ಆಗಿದ್ದ ಗೋಪಾಲ ಗೋಡ್ಸೆಯ ಕೇಸಿನಲ್ಲಿ ಹೇಳಿದೆ. 14 ಅನ್ನೋದು ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹಳೇ ಕಾನೂನು ಸಿಆರ್‌ಪಿಸಿಯ 433ಎ ಕಲಮಿನಿಂದ ಬಂದ ಸಂಖ್ಯೆ, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 475. ಕೊಲೆಯಂಥ ಕೇಸಿನಲ್ಲಿ ಕನಿಷ್ಠ 14 ವರ್ಷ ಒಳಗಿರದೆ ಸರ್ಕಾರ ಬಿಡುವ ಹಾಗಿಲ್ಲ ಅಂತ ಅದರ ಅರ್ಥ. ಅಂದರೆ 14 ತುಂಬಿದ ಕೂಡಲೇ ಬಾಗಿಲು ತೆರೆಯಲ್ಲ, ಬಾಗಿಲು ತಟ್ಟೋಕೆ ಬಿಡ್ತಾರೆ. ತೆರೆಯುತ್ತೋ ಇಲ್ಲವೋ ಅನ್ನೋದು ಜೈಲಿನವರ ವರದಿ, ಪೊಲೀಸರ ವರದಿ, ಸರ್ಕಾರದ ಮನಸ್ಸು ಎಲ್ಲವನ್ನೂ ಅವಲಂಬಿಸಿದೆ.

ಪೊಲೀಸರ ವರದಿ ಅಂದೆನಲ್ಲ, ನನ್ನ ತಪ್ಪು ಅಲ್ಲಿದೆ.

2011. ಅಕ್ಕನಿಗೆ ಹಾವೇರಿ ಕಡೆಯ ಸಂಬಂಧ ಕೂಡಿ ಬಂದಿತ್ತು. ಹುಡುಗನ ಮನೆಯವರು ಅಪ್ಪನ ಬಗ್ಗೆ ಕೇಳಿದಾಗ ಮಾವ, ಅಂದರೆ ಅವ್ವನ ಅಣ್ಣ, ಹಳೇ ಗೋವಾವನ್ನೇ ತೆಗೆದ. ಹನ್ನೆರಡು ವರ್ಷ ಊರಿಗೆ ಬಾರದ ಮನುಷ್ಯನಿಗೆ ಬರೀ ಗೋವಾ ಸಾಲಲ್ಲ. ಅದಕ್ಕೆ ‘ಅಲ್ಲೇ ಇನ್ನೊಂದು ಸಂಸಾರ ಮಾಡ್ಕೊಂಡಾನ, ನಮಗ ಸತ್ತಂಗ’ ಅಂತ ಸೇರಿಸಿದ. ಮನೆ ಬಿಟ್ಟು ಓಡಿಹೋದ ಅಪ್ಪ ನಡೀತಾನೆ, ಜೈಲಿನಲ್ಲಿರೋ ಅಪ್ಪ ನಡೆಯಲ್ಲ. ನಾನು ಪಕ್ಕದಲ್ಲೇ ಕೂತು ತಲೆ ಆಡಿಸಿದೆ.

ಈ ಕಡೆ ಅವ್ವ ಭೇಟಿಗೆ ಹೋದಾಗ ಮದುವೆ ವಿಷಯ ಹೇಳಿದ್ದಳು. ಅಪ್ಪ ಮಗಳ ಮದುವೆಗೆ ಅಂತ ಪೆರೋಲ್, ಅಂದರೆ ಕೆಲವು ದಿನದ ಮಟ್ಟಿಗೆ ಹೊರಗೆ ಬಿಡೋದು, ಕೇಳಿ ಅರ್ಜಿ ಹಾಕಿದ. ಪೆರೋಲ್ ಅರ್ಜಿ ಬಂದರೆ ಊರಿನ ಠಾಣೆಯಿಂದ ವರದಿ ಕೇಳುತ್ತಾರೆ. ಒಂದು ಮಧ್ಯಾಹ್ನ ಕಾನ್‌ಸ್ಟೇಬಲ್ ಮನೆಗೆ ಬಂದ. ಅವ್ವ ಕೂಲಿಗೆ ಕಳೆ ತೆಗೆಯಲು ಹೋಗಿದ್ದಳು. ಅಕ್ಕ ಒಳಗಿದ್ದಳು. ನಾನು ಡಿಗ್ರಿ ಎರಡನೇ ವರ್ಷ, ರಜೆಗೆ ಬಂದಿದ್ದೆ. ಅವನು ಕಟ್ಟೆ ಮೇಲೆ ಕೂತು ನೀರು ಕೇಳಿದ, ತಂಬಿಗೆ ಕೊಟ್ಟೆ. ‘ನಿಮ್ಮಪ್ಪ ಮೂವತ್ತು ದಿನ ಬರ್ತಾನಂತ, ನೀವು ಇಟ್ಕೋತೀರೇನು? ಊರಾಗ ಜಗಳ ಗಿಗಳ ಆಗೂದಿಲ್ಲಲ?’ ಅಂದ.

ನಾನು ಅಂದಿದ್ದು ಇಷ್ಟು: ‘ಈಗ ಬ್ಯಾಡ್ರಿ ಸರ, ಲಗ್ನ ಮುಗೀಲಿ, ಆಮ್ಯಾಲೆ ನೋಡೂಣು.’

ಅವನು ಕೆಟ್ಟವನಲ್ಲ. ‘ನಿಮ್ಮವ್ವನ್ನ ಒಂದ್ ಮಾತು ಕೇಳ್ತೀಯೇನು?’ ಅಂತ ಮತ್ತೆ ಕೇಳಿದ. ನಾನು ‘ಅವ್ವಂದೂ ಇದ ಮಾತ್ರಿ’ ಅಂದೆ. ಇದು ಶುದ್ಧ ಸುಳ್ಳು. ಅವ್ವ ಆಗಲೇ ಅಪ್ಪನಿಗೆ ಅಂತ ಒಂದು ಧೋತರ ತಂದು ಟ್ರಂಕಿನಲ್ಲಿ ಇಟ್ಟಿದ್ದಳು. ಅವನು ತೊಡೆಯ ಮೇಲೆ ಹಾಳೆ ಇಟ್ಟು ಬರೆದ, ನಾನು ಸಹಿ ಮಾಡಿದೆ. ಓದಲಿಲ್ಲ. ಡಿಗ್ರಿ ಓದುವ ಹುಡುಗ, ನಾಲ್ಕು ಸಾಲು ಓದಲಿಲ್ಲ. ಅದರಲ್ಲಿ ಇದ್ದದ್ದು: ಬಂದಿಯು ಗ್ರಾಮಕ್ಕೆ ಬಂದಲ್ಲಿ ಶಾಂತಿಭಂಗವಾಗುವ ಸಂಭವವಿದ್ದು, ಕುಟುಂಬದವರೂ ಒಪ್ಪಿರುವುದಿಲ್ಲ. ನನ್ನ ‘ಈಗ’ ಅದರಲ್ಲಿ ಇರಲಿಲ್ಲ. ಸರ್ಕಾರಿ ಹಾಳೆಯಲ್ಲಿ ‘ಈಗ ಬೇಡ’ ಅಂತ ಒಂದು ಉತ್ತರ ಇರಲ್ಲ ನೋಡಿ, ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲ, ಎರಡೇ.

ಏನು ಮಾಡಬಹುದಿತ್ತು ಅಂತ ಇವತ್ತಿಗೂ ಲೆಕ್ಕ ಹಾಕುತ್ತೇನೆ. ‘ಅವ್ವ ಸಂಜೆಗೆ ಬರ್ತಾಳ, ಆಮ್ಯಾಲೆ ಬರ್ರಿ’ ಅನ್ನಬಹುದಿತ್ತು. ಊರು ಬೇಡ, ಕಿತ್ತೂರಿನ ಅಜ್ಜನ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ, ಆ ವಿಳಾಸ ಬರೆದುಕೊಳ್ಳಿ ಅನ್ನಬಹುದಿತ್ತು. ಹುಡುಗನ ಮನೆಯವರಿಗೆ ನಿಜ ಹೇಳಬಹುದಿತ್ತು. ಯಾವುದೂ ಹೊಳೆಯಲಿಲ್ಲ. ಆಗ ನನಗೆ ಕಂಡಿದ್ದು ಒಂದೇ, ಅಪ್ಪ ಬಂದರೆ ಗೋವಾ ಮುರಿಯುತ್ತೆ. ಹನ್ನೆರಡು ವರ್ಷದಿಂದ ಆ ಗೋವಾವನ್ನು ಕಾಯ್ದುಕೊಂಡು ಬಂದವನು ನಾನು. ಸುಳ್ಳು ಹೇಳಿದ್ದು ಅವ್ವ, ಕಾವಲು ಬಿದ್ದಿದ್ದು ನನ್ನ ಮೇಲೆ. ನಿಮ್ಮ ದುಬೈಗೂ ನಾಳೆ ನಿಮ್ಮ ಮಗನೇ ಕಾವಲುಗಾರ ಆಗ್ತಾನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಪೆರೋಲ್ ಸಿಗಲಿಲ್ಲ. ಅಕ್ಕಿಕಾಳು ಬಿತ್ತು, ಅಪ್ಪನ ಜಾಗದಲ್ಲಿ ಮಾವ ನಿಂತ. ಮೂರೇ ತಿಂಗಳಿಗೆ ಹುಡುಗನ ಮನೆಯವರಿಗೆ ಎಲ್ಲಾ ಗೊತ್ತಾಯಿತು. ಯಾರು ಹೇಳಿದರು ಅಂತ ಹುಡುಕುವುದರಲ್ಲಿ ಅರ್ಥವಿಲ್ಲ, ಇಡೀ ತಾಲೂಕಿಗೇ ಗೊತ್ತಿತ್ತು. ಅಕ್ಕನ ಅತ್ತೆ ನಮ್ಮ ಮನೆಗೆ ಬಂದು ಅವ್ವನಿಗೆ ಹೇಳಿದ್ದು, ‘ಜೈಲಾಗ ಇದ್ರ ಇರ್ಲಿ, ಕಟ್ಟಿಕೊಂಡ ಗಂಡನ್ನ ಮ್ಯಾಲೆ ಇನ್ನೊಂದು ಸಂಸಾರ ಐತಿ ಅಂತ ಹೆಂಗ ಅಂದಿರಿ?’ ಅವ್ವ ಅಂದಿರಲಿಲ್ಲ. ಆದರೂ ಅನ್ನಿಸಿಕೊಂಡಳು.

2014ರಲ್ಲಿ ಸನ್ನಡತೆ ಬಿಡುಗಡೆಗೆ ಅಪ್ಪನ ಫೈಲು ಎದ್ದಿತು. ಮತ್ತೆ ಪೊಲೀಸ್ ವರದಿ. ಈ ಸಲ ಬೇರೆ ಕಾನ್‌ಸ್ಟೇಬಲ್. ನಾನು ಓಡೋಡಿ ಹೋಗಿ ‘ನಾವು ಇಟ್ಕೋತೀವಿ’ ಅಂದೆ. ಅವನು ಹಳೇ ಕಾಗದ ತಿರುವಿ, ‘ಹಿಂದ ನೀನ ಬ್ಯಾಡಂದಿಯಲ್ಲೋ’ ಅಂದ. ಫೈಲು ವಾಪಸ್ ಬಂತು. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಅಜ್ಜಿ 2016ರಲ್ಲಿ ತೀರಿಕೊಂಡಳು, ಅಪ್ಪ ಬಂದಿದ್ದು 2018ರಲ್ಲಿ.

ಬಂದ ಮೇಲೆ ಒಂದು ರಾತ್ರಿ ಅಂಗಳದಲ್ಲಿ ಮಲಗಿದ್ದಾಗ ನಾನೇ ಮಾತು ತೆಗೆದೆ. ಅಪ್ಪನಿಗೆ ಮೊದಲೇ ಗೊತ್ತಿತ್ತು. ಅರ್ಜಿ ಯಾಕೆ ತಿರಸ್ಕಾರ ಆಯಿತು ಅಂತ ಜೈಲಿನಲ್ಲಿ ಓದಿ ಹೇಳಿದ್ದರಂತೆ. ‘ಕುಟುಂಬದವರು ಅಂದ್ರು. ನಿಮ್ಮವ್ವ ಅಲ್ಲ ಅನ್ನೂದು ಗೊತ್ತಿತ್ತು’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಲಗ್ನದಾಗ ಊಟಕ್ಕ ಏನ್ ಮಾಡ್ಸಿದ್ರಿ?’ ಅಂತ ಕೇಳಿದ. ಹೇಳಿದೆ. ಬುಂದೆ ಎಷ್ಟು, ಅನ್ನ ಎಷ್ಟು, ಎಷ್ಟು ಪಂಕ್ತಿ ಕೂತವು, ಎಲ್ಲಾ ಹೇಳಿದೆ. ಏಳು ವರ್ಷದ ಹಿಂದಿನ ಊಟ.

ನಿಮ್ಮ ಕೊನೆಯ ಪ್ರಶ್ನೆ ಹೊಲ ಮಾರಿ ದೊಡ್ಡ ವಕೀಲರನ್ನು ಇಡಬೇಕಾ ಅಂತ. ಬೇಡ. ಕನಿಷ್ಠ ಈಗಲೇ ಬೇಡ. ಬಂಧನದಲ್ಲಿ ಇರೋರಿಗೆ ಉಚಿತ ಕಾನೂನು ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ನಮಗೆ ಅದನ್ನು ಯಾರೂ ಹೇಳಲಿಲ್ಲ. ಆಗ ಧಾರವಾಡದಲ್ಲಿ ಹೈಕೋರ್ಟ್ ಪೀಠವೂ ಇರಲಿಲ್ಲ, ಅದು ಬಂದಿದ್ದು 2008ರಲ್ಲಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಹೋಗಿಯೇ ಅರ್ಧ ಎಕರೆ ಕರಗಿತು. ಇನ್ನೊಂದು, ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ನಿಮ್ಮ ಹೆಸರಿದೆಯಾ ನೋಡಿಕೊಳ್ಳಿ, ಗೃಹಲಕ್ಷ್ಮಿಯ 2,000 ಬರೋದು ಅದರ ಮೇಲೆ. ನಮ್ಮವ್ವನಿಗೆ ಆ ಕಾಲಕ್ಕೆ ಏನೂ ಇರಲಿಲ್ಲ. ಗಂಡ ಬದುಕಿದ್ದ, ಹಾಗಾಗಿ ವಿಧವಾ ಪಿಂಚಣಿ ಇಲ್ಲ. ಗಂಡ ಮನೆಯಲ್ಲಿ ಇರಲಿಲ್ಲ, ಹಾಗಾಗಿ ಉಡಿ ತುಂಬೋಕೆ ಯಾರೂ ಕರೆಯುತ್ತಿರಲಿಲ್ಲ.

ತೀರ್ಪು ಬಂದು ತಿಂಗಳಾಯ್ತು ಅಂದಿದ್ದೀರಿ. ಹೈಕೋರ್ಟಿಗೆ ಮೇಲ್ಮನವಿ ಹಾಕೋಕೆ ತೀರ್ಪಿನಿಂದ 60 ದಿನ. ಜೈಲಿನ ಅಧಿಕಾರಿಯ ಮೂಲಕವೇ ನಿಮ್ಮ ಯಜಮಾನರು ಹಾಕಬಹುದು, ವಕೀಲರು ಸಿಗೋ ತನಕ ಕಾಯಬೇಕಿಲ್ಲ. ತೀರ್ಪಿನ ಪ್ರತಿ ಅವರಿಗೆ ಪುಕ್ಕಟೆ ಕೊಟ್ಟಿರುತ್ತಾರೆ, ಅದರ ಜೆರಾಕ್ಸ್ ನಿಮ್ಮ ಹತ್ತಿರವೂ ಇರಲಿ. ನಾಳೆ ಬೆಳಗ್ಗೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲಾ ನಿಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತೆ, ಹೋಗಿ. ಮಗನನ್ನೂ ಕರೆದುಕೊಂಡು ಹೋಗಿ. ಯಾಕೆ ಹೋಗ್ತಿದ್ದೀವಿ ಅಂತ ಬಸ್ಸಿನಲ್ಲಿ ಹೇಳಿ.