ಹಾಸ್ಟೆಲ್ ಕೀಟಲೆಗಳ ಹಿಂದೆ ಎಂಟನೇ ಕ್ಲಾಸಿನ ಜಾಣೆ? ವಾರ್ಡನ್ ಪ್ರಶ್ನೆಗೆ ಉತ್ತರ
ಹುಡುಗಿಯರ ಹಾಸ್ಟೆಲಲ್ಲಿ ನಡೆಯೋ ಕೀಟಲೆಗಳು ಎಂಟನೇ ಕ್ಲಾಸಿನ ಜಾಣ ಹುಡುಗಿಯದ್ದೇ ಇರಬೇಕು, ಅವಳಿಗೆ ಮಾತ್ರ ಯಾರೂ ಕೀಟಲೆ ಮಾಡಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.
ಚಪ್ಪಲಿ ಅದಲುಬದಲು, ಮಲಗಿದವರ ಮುಖಕ್ಕೆ ಟೂತ್‌ಪೇಸ್ಟ್, ಬಾತ್‌ರೂಮಿಗೆ ಹೊರಗಿಂದ ಚಿಲಕ, ಎಲ್ಲವೂ ಓದು ಮುಗಿದು ಲೈಟ್ ಆರಿಸೋ ಮುಂಚೆಯೇ ಆಗ್ತಿದ್ರೆ ಕಾರಣ ಬಹುಶಃ ಆ ಖಾಲಿ ಹೊತ್ತು. ಬೇಗ ಓದಿ ಮುಗಿಸುವವಳಿಗೆ ಅದು ಕಳೆಯೋದೇ ಇಲ್ಲ. ಆದರೆ ಅವಳಿಗೊಬ್ಬಳಿಗೆ ಯಾರೂ ಕೀಟಲೆ ಮಾಡಿಲ್ಲ ಅನ್ನೋದಷ್ಟೇ ಸಾಕ್ಷಿಯಾಗಲ್ಲ.

ಮೊದಲು ಹೊರಗಿನ ಚಿಲಕ ಇವತ್ತೇ ಬಿಚ್ಚಿಸಿ. ಒಳಗೆ ಯಾರಾದ್ರೂ ತಲೆಸುತ್ತಿ ಬಿದ್ದರೆ ಗೊತ್ತೇ ಆಗಲ್ಲ. ಆಮೇಲೆ ಒಂದು ವಾರ ಸಮಯ, ಕೋಣೆ, ಯಾರ ಮೇಲೆ ಅಂತ ಬರೆದಿಡಿ. ಒಬ್ಬಳೇ ಪದೇಪದೇ ಗುರಿಯಾಗ್ತಿದ್ರೆ ಅದು ತುಂಟತನವಲ್ಲ, ಕಿರುಕುಳ. ಗುರಿಯಾದ ಆ ಮಗುವನ್ನೇ ಮೊದಲು ಮಾತಾಡಿಸಿ. ಹಾಗೇನೂ ಇಲ್ಲದಿದ್ರೆ ನಿಮಗೆ ಅನುಮಾನ ಇರುವವಳಿಗೆ ಆ ಖಾಲಿ ಹೊತ್ತಲ್ಲಿ ಶನಿವಾರದ ನಾಟಕದ ತಾಲೀಮು ನಡೆಸೋ ಹೊಣೆ ಕೊಡಿ. ಗೆಳತಿಯರಿಂದ ಚಾಡಿ ಹೇಳಿಸಬೇಡಿ, ಗುಂಪು ಇನ್ನೂ ಬಿಗಿಯಾಗುತ್ತೆ. ಹೊಡೆಯೋದು, ಅವಮಾನಿಸೋದು ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಎರಡನ್ನೂ ನಿಷೇಧಿಸಿದೆ.