ಪ್ರಾಸ್ಟೇಟ್ ದೊಡ್ಡದಾಗಿದೆ, ಕೊಯ್ಯದೆ ವಾಸಿಮಾಡುವ ಚಿಕಿತ್ಸೆಗಳಲ್ಲಿ ಯಾವುದು ಒಳ್ಳೆಯದು?

ವಯಸ್ಸು 62, ಪ್ರಾಸ್ಟೇಟ್ 55 ಗ್ರಾಂ, ಎರಡು ವರ್ಷದಿಂದ ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ, ಆದರೂ ರಾತ್ರಿ ಮೂತ್ರಕ್ಕೆ ನಾಲ್ಕು ಸಲ ಏಳಬೇಕು, ಆಪರೇಷನ್ ಅಂದರೆ ಭಯ ಎಂದು ಬರೆದಿದ್ದೀರಿ. ನಾನು ಡಾಕ್ಟರಲ್ಲ, ಹಬೆ ಚಿಕಿತ್ಸೆ ಮಾಡಿಸಿಕೊಂಡು ಎರಡು ವರ್ಷ ಕಳೆದವನು. ಯಾವುದು ಒಳ್ಳೆಯದು ಅಂತ ನಾನೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ನನ್ನ ಗ್ರಂಥಿ ಯಾವ ಆಕಾರದಲ್ಲಿ ಬೆಳೆದಿದೆ, ಏನನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ?

ಎರಡನೆಯದನ್ನು ಬಾಯಿಬಿಟ್ಟು ಕೇಳಲು ನಾಚಿಕೆ ಆಗುತ್ತದೆ, ನನಗೂ ಆಗಿತ್ತು. ಒಳಗಿಂದ ಕೆರೆದು ತೆಗೆಯುವ ಟಿಯುಆರ್‌ಪಿ ಆದಮೇಲೆ ಹೆಚ್ಚಿನವರಲ್ಲಿ ವೀರ್ಯ ಹೊರಗೆ ಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಅದರಿಂದ ಅಪಾಯವಿಲ್ಲ, ಗಂಡಸುತನ ಹೋಯಿತು ಅಂತಲೂ ಅಲ್ಲ. ಬೇಡ ಅನ್ನುವವರು ಮೊದಲೇ ಹೇಳಬೇಕು, ಅಷ್ಟೆ.

ಯೂರೋಲಿಫ್ಟ್‌ನಲ್ಲಿ ಏನನ್ನೂ ಕೊಯ್ಯುವುದಿಲ್ಲ, ಸುಡುವುದಿಲ್ಲ. ಮೂತ್ರದ ದಾರಿಗೆ ಅಡ್ಡ ಬಂದ ಎರಡು ಪಕ್ಕಗಳನ್ನು ಪುಟ್ಟ ಇಂಪ್ಲಾಂಟ್‌ಗಳಿಂದ, ಪರದೆ ಸರಿಸಿ ಕಟ್ಟಿದ ಹಾಗೆ, ಎಳೆದು ಕಟ್ಟುತ್ತಾರೆ. ಬೇಗ ಚೇತರಿಕೆ, ವೀರ್ಯದ ತಕರಾರಿಲ್ಲ. ಆದರೆ ಅದರ ಮುಖ್ಯ ಅಧ್ಯಯನದಲ್ಲಿ ಐದು ವರ್ಷದೊಳಗೆ ನೂರಕ್ಕೆ 13-14 ಜನರಿಗೆ ಮತ್ತೆ ಚಿಕಿತ್ಸೆ ಬೇಕಾಯಿತು. ನನಗೆ ಅದು ಒಗ್ಗಲಿಲ್ಲ, ಏಕೆಂದರೆ ಮೀಡಿಯನ್ ಲೋಬ್, ಅಂದರೆ ನಡುವಿನ ಉಬ್ಬು, ಮೂತ್ರಕೋಶದೊಳಕ್ಕೆ ಚಾಚಿಕೊಂಡಿತ್ತು.

ಹಾಗಾಗಿ ರೆಜೂಮ್, ಅಂದರೆ ಹಬೆ ಚಿಕಿತ್ಸೆ, ಮಾಡಿಸಿಕೊಂಡೆ. ಮೂತ್ರನಾಳದ ಮೂಲಕ ಹೋಗಿ ಸೂಜಿಯಿಂದ ಗ್ರಂಥಿಯೊಳಕ್ಕೆ ಹಬೆ ಬಿಡುತ್ತಾರೆ, ಒಂದೊಂದು ಸಲ ಸುಮಾರು 9 ಸೆಕೆಂಡ್. ಆ ಜಾಗದ ಜೀವಕೋಶಗಳು ಸತ್ತು, ಮೈ ಅವನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ನಿಧಾನಕ್ಕೆ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಐದು ದಿನ ಮೂತ್ರ ಹೋಗಲು ಪೈಪ್, ತೊಡೆಗೆ ಕಟ್ಟಿದ ಚೀಲ. ಪಕ್ಕಕ್ಕೆ ಹೊರಳಿದರೂ ಪೈಪ್ ಜಗ್ಗುತ್ತಿತ್ತು. ತೆಗೆದ ಮೇಲೆ ಉರಿ, ಹತ್ತು ನಿಮಿಷಕ್ಕೊಮ್ಮೆ ಅವಸರ. ಎರಡನೇ ವಾರ ಮೊದಲಿಗಿಂತ ಕೆಟ್ಟದಾಗಿತ್ತು. ಮೂರನೇ ವಾರ ಮೂತ್ರದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚೂರು ಬಂದು ಹೆದರಿ ಫೋನ್ ಮಾಡಿದೆ, ಸತ್ತ ಅಂಗಾಂಶ ಅಂದರು. ಧಾರೆ ಗಟ್ಟಿಯಾದದ್ದು ಎರಡು ತಿಂಗಳಾದ ಮೇಲೆ. ಸಾಮಾನ್ಯವಾಗಿ 30ರಿಂದ 80 ಗ್ರಾಂ ತನಕದ ಗ್ರಂಥಿಗೆ ಇದನ್ನು ಮಾಡುತ್ತಾರೆ.

ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ತೆಳು ನಳಿಕೆ ಹಾಯಿಸಿ ಪ್ರಾಸ್ಟೇಟಿನ ರಕ್ತನಾಳ ಮುಚ್ಚುವ ವಿಧಾನವೂ ಇದೆ, ಎಂಬೋಲೈಸೇಷನ್. ಅದನ್ನು ಮಾಡುವವರು ರೇಡಿಯಾಲಜಿಯವರು. ದೊಡ್ಡ ಗ್ರಂಥಿ ಇದ್ದು ಅರಿವಳಿಕೆ ತಡೆಯದವರು ವಿಚಾರಿಸಬಹುದು. ಗ್ರಂಥಿ 100 ಗ್ರಾಂ ದಾಟಿದವರು ಹೋಲೆಪ್, ಅಂದರೆ ಅಡ್ಡ ಬೆಳೆದ ಭಾಗವನ್ನು ಲೇಸರ್‌ನಿಂದ ಬಿಡಿಸಿ ತೆಗೆಯುವ ವಿಧಾನದ ಕಡೆ ನೋಡುವುದು ವಾಸಿ ಅಂತ ನನ್ನ ಅನಿಸಿಕೆ. ಅದು ಸರಿಯಾದ ಆಪರೇಷನ್ನೇ, ವೀರ್ಯದ ವಿಷಯದಲ್ಲಿ ಟಿಯುಆರ್‌ಪಿಯಂತೆಯೇ. ಆದರೆ ಮತ್ತೆ ಮಾಡಿಸುವ ಪ್ರಮೇಯ ಕಡಿಮೆ.

ಇನ್ನು ನಿಮ್ಮ ರಾತ್ರಿಯ ಕಾಟ. ಅದು ಯಾವಾಗಲೂ ಪ್ರಾಸ್ಟೇಟಿನ ತಪ್ಪಲ್ಲ. ಸಕ್ಕರೆ ಕಾಯಿಲೆ, ಕಾಲಿನ ಬಾವು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೂ ರಾತ್ರಿ ಎಬ್ಬಿಸುತ್ತವೆ. ಮೂರು ದಿನ ಅಳತೆಯ ಮಗ್ ಇಟ್ಟುಕೊಂಡು ಪ್ರತಿ ಸಲ ಎಷ್ಟು ಎಂಎಲ್, ಎಷ್ಟು ಗಂಟೆಗೆ ಅಂತ ಬರೆದಿಡಿ. ಬೆಳಿಗ್ಗೆ ಎದ್ದಾಗಿನ ಮೊದಲ ಸಲದ್ದೂ ರಾತ್ರಿಯ ಲೆಕ್ಕಕ್ಕೇ. ಇಡೀ ದಿನದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ, ದಾರಿ ಎಷ್ಟು ಅಗಲ ಮಾಡಿಸಿದರೂ ನೀವು ಏಳಲೇಬೇಕಾಗುತ್ತದೆ. ಆ ಚೀಟಿಯನ್ನು, ಜೊತೆಗೆ ಪಿಎಸ್‌ಎ ಎಂಬ ಪ್ರಾಸ್ಟೇಟಿನ ರಕ್ತಪರೀಕ್ಷೆ, ಧಾರೆಯ ವೇಗ ಅಳೆಯುವ ಫ್ಲೋ ಟೆಸ್ಟ್, ಮೂತ್ರಕ್ಕೆ ಹೋಗಿಬಂದ ಮೇಲೆ ಒಳಗೆ ಎಷ್ಟು ಉಳಿಯಿತು ಅನ್ನುವ ಸ್ಕ್ಯಾನಿಂಗ್ ರಿಪೋರ್ಟನ್ನು ಯೂರಾಲಜಿಸ್ಟ್ ಮುಂದೆ ಇಡಿ. ಫ್ಲೋ ಟೆಸ್ಟ್‌ಗೆ ಹೋಗುವಾಗ ಪುರುಸೊತ್ತು ಮಾಡಿಕೊಂಡು ಹೋಗಿ. ನಾನು ಲೀಟರ್‌ಗಟ್ಟಲೆ ನೀರು ಕುಡಿದು ಕೂತಿದ್ದೆ, ಹೆಸರು ಕೂಗಿದಾಗ ಒಂದು ಹನಿ ಬರಲಿಲ್ಲ.